ಮೀನಿನ ತೊಟ್ಟಿಗೆ ನೀರು ಬದಲಿಸುವಾಗ

ನಮ್ಮ ಕಲಿಕಾ ಕೇಂದ್ರದ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ ಮೀನು ಸಾಕಿದ್ದೆವು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಮೀನು. ಸೊಳ್ಳೆ ಮರಿಗಳನ್ನು ತಿನ್ನುತ್ತವೆ ಅಂತ ಬಿಟ್ಟಿದ್ದೆವು. ಒಂದು ದಿನ ನೀರು ಹಸಿರಾಗಿ ಕಂಡಿತು. ಎಲ್ಲರೂ ಸೇರಿ ತೊಟ್ಟಿ ಬರಿದು ಮಾಡಿದೆವು. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದೆವು. ಆಗ ತಾನೇ ಬಂದ ನಲ್ಲಿ ನೀರು ತುಂಬಿ, ಮೀನು ಬಿಟ್ಟೆವು. ಸಂಜೆ ನೋಡಿದರೆ ಅಷ್ಟೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಅಯ್ಯೋ, ಒಳ್ಳೆ ನೀರೇ ಹಾಕಿದ್ವಲ್ಲ! ಯಾಕೆ ಸತ್ವು?" ಅಂತ ಅಕ್ಕಂದಿರು ಕೇಳಿದರು.

ನಲ್ಲಿ ನೀರಿನಲ್ಲಿ ರೋಗಾಣು ಸಾಯಲಿ ಅಂತ ಕ್ಲೋರಿನ್ ಬೆರೆಸಿರುತ್ತಾರೆ. ಬ್ಲೀಚಿಂಗ್ ಪುಡಿಯ ಘಾಟು ವಾಸನೆಯೂ ಅದರದೇ. ಅಷ್ಟು ಸ್ವಲ್ಪ ಕ್ಲೋರಿನ್ ನಮಗೆ ಏನೂ ಮಾಡುವುದಿಲ್ಲ. ಮೀನಿನ ಕಥೆ ಬೇರೆ. ಮೀನು ಉಸಿರಾಡುವುದು ಕಿವಿರುಗಳಿಂದ. ಕ್ಲೋರಿನ್ ಆ ಕಿವಿರನ್ನೇ ಸುಡುತ್ತದೆ.

ಇನ್ನೂ ಒಂದು ತಪ್ಪು ಮಾಡಿದ್ದೆವು. ಮೀನಿನ ಕೊಳೆಯಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ತೊಟ್ಟಿಯ ಗೋಡೆಗೆ, ತಳದ ಕಲ್ಲಿಗೆ ಕಣ್ಣಿಗೆ ಕಾಣದ ಜೀವಾಣುಗಳು ಅಂಟಿರುತ್ತವೆ. ಅವು ಈ ವಿಷವನ್ನು ಕಡಿಮೆ ಮಾಡುತ್ತವೆ. ಜೀವಾಣು ಎಲ್ಲಾ ಕೆಟ್ಟವಲ್ಲ. ಹಾಲನ್ನು ಮೊಸರು ಮಾಡುವುದೂ ಜೀವಾಣುವೇ. ನಾಳೆಯ ಹೆಪ್ಪಿಗೆ ಸ್ವಲ್ಪ ಮೊಸರು ಉಳಿಸ್ತೀವಲ್ಲ, ತೊಟ್ಟಿಯೂ ಹಾಗೇ. ನಾವು ಹೆಪ್ಪನ್ನೇ ತೊಳೆದು ಚೆಲ್ಲಿಬಿಟ್ಟಿದ್ದೆವು.

ಈಗ ನಾವು ಹೀಗೆ ಮಾಡುತ್ತೇವೆ. ಹಿಂದಿನ ದಿನವೇ ಬಾಯಿ ಅಗಲದ ಬಕೆಟಿನಲ್ಲಿ ನೀರು ಹಿಡಿದು ತೆರೆದಿಡುತ್ತೇವೆ. ಒಂದು ದಿನದಲ್ಲಿ ಕ್ಲೋರಿನ್ ಗಾಳಿಗೆ ಹೋಗುತ್ತದೆ. ಕೊಳವೆಬಾವಿ ನೀರಾದರೂ ಹೀಗೇ ಇಡಬೇಕು. ಅದಕ್ಕೆ ಗಾಳಿ ಸೇರಬೇಕು, ಬಿಸಿ ತಂಪು ತೊಟ್ಟಿಯ ನೀರಿಗೆ ಸರಿಹೊಂದಬೇಕು. ಸೋಪು ಮುಟ್ಟಿದ ಬಕೆಟ್ ಬೇಡ. ಮಾರನೇ ದಿನ ತೊಟ್ಟಿಯಿಂದ ಕಾಲು ಭಾಗ ನೀರು ಮಾತ್ರ ತೆಗೆಯುತ್ತೇವೆ. ಎಂಟು ಕೊಡ ಹಿಡಿಯುವ ತೊಟ್ಟಿಯಾದರೆ ಎರಡು ಕೊಡ. ತಳದ ಕಲ್ಲು ಕೊಳೆಯಾಗಿದ್ದರೆ ಆ ತೆಗೆದ ನೀರಿನಲ್ಲೇ ಜಾಲಾಡುತ್ತೇವೆ. ಹೊಸ ನೀರನ್ನು ಚೊಂಬಿನಿಂದ ನಿಧಾನವಾಗಿ ಹಾಕುತ್ತೇವೆ. ತೆಗೆದ ನೀರು ಕರಿಬೇವಿನ ಗಿಡಕ್ಕೆ. ಗಿಡ ಚೆನ್ನಾಗಿ ಚಿಗುರಿದೆ! ಮನೆಯಲ್ಲಿ ಮಕ್ಕಳು ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದರೂ ಇದೇ ಕ್ರಮ, ವಾರಕ್ಕೊಂದು ಸಲ.

ಒಂದು ಮಾತು. ಜಗಳೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಅದು ನೀರು ತೆರೆದಿಟ್ಟರೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಕುಡಿಯಲು ಶುದ್ಧ ನೀರಿನ ಘಟಕದ ನೀರೇ ಬೇಕು.

"ವಾರಕ್ಕೊಮ್ಮೆ ನೀರೆಲ್ಲಾ ಚೆಲ್ಲಿ, ತಿಕ್ಕಿ ಒಣಗಿಸಿ ಅಂತ ಆಶಾ ಅಕ್ಕ ಹೇಳ್ತಾರಲ್ಲ?" ಅಂತ ಹೊನ್ನಾಳಿ ಕಡೆಯ ಒಬ್ಬ ತಾಯಿ ಕೇಳಿದರು. ಸರಿಯಾದ ಪ್ರಶ್ನೆ. ಚನ್ನಗಿರಿ ಇರಲಿ, ನ್ಯಾಮತಿ ಇರಲಿ, ನಲ್ಲಿ ದಿನಾ ಬಾರದ ಮನೆಯಲ್ಲಿ ಡ್ರಮ್ಮು, ಬಾನಿ ತುಂಬಿಡಲೇಬೇಕು. ಡೆಂಗಿ ಸೊಳ್ಳೆ ಇಂಥ ನೀರಿನಲ್ಲೇ ಹುಟ್ಟುತ್ತದೆ. ಅದರ ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಇರುತ್ತದೆ. ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ. ಅದಕ್ಕೇ ಬರೀ ಚೆಲ್ಲಿದರೆ ಸಾಲದು, ಗೋಡೆ ತಿಕ್ಕಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ವಾರದ ಲೆಕ್ಕ ಬಂದದ್ದು ಇದರಿಂದ.

ಆದ್ದರಿಂದ ಮೀನಿಲ್ಲದ ಡ್ರಮ್ಮು, ಬಾನಿ, ಕೊಡಗಳನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ತಿಕ್ಕಿ, ಒಣಗಿಸಿ, ತುಂಬಿ, ಮುಚ್ಚಿ. ಮೀನಿರುವ ತೊಟ್ಟಿ ಬರಿದು ಮಾಡಬೇಡಿ. ಅಲ್ಲಿ ಮರಿ ಹುಟ್ಟಿದರೂ ಗಪ್ಪಿ ತಿಂದು ಮುಗಿಸುತ್ತದೆ. ಆದರೆ ಮೀನು ಸತ್ತರೆ? ಆ ತೊಟ್ಟಿಯೂ ಡ್ರಮ್ಮಿನ ಹಾಗೇ. ಅದಕ್ಕೇ ದಿನಾ ಒಮ್ಮೆ ಇಣುಕಿ ನೋಡಬೇಕು. ಮೀನಿನ ಹೊಟ್ಟೆಗೆ ಅಂತ ಅನ್ನ, ರೊಟ್ಟಿ ಸುರಿಯಬೇಡಿ. ಅದು ಕೊಳೆತು ನೀರು ಕೆಡುತ್ತದೆ.

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಬೇಗ ಬೇಗ ಹೆಚ್ಚುತ್ತವೆ. ಹೆಚ್ಚಾದವನ್ನು ಸೂಳೆಕೆರೆಗೋ ತುಂಗಭದ್ರೆಗೋ ಬಿಡಬೇಡಿ. ಇದು ದಕ್ಷಿಣ ಅಮೆರಿಕದಿಂದ ಬಂದ ಮೀನು. ನಮ್ಮ ಕೆರೆ ಹೊಳೆಯ ಮೀನುಗಳಿಗೆ ಇದರಿಂದ ತೊಂದರೆ. ಪಕ್ಕದ ಮನೆಯ ತೊಟ್ಟಿಗೆ ಕೊಡಿ. ಕೊಡುವಾಗ ಹಳೇ ನೀರು ಒಂದು ಚೊಂಬು ಜೊತೆಗೆ ಕೊಡಿ.