ಬೆಳಿಗ್ಗೆ ಕೊಕ್ಕರೆ, ಸಂಜೆ ಅರಮನೆ: ಒಂದು ದಿನದ ಟ್ರಿಪ್‌ಗೆ ಕ್ಯಾಮೆರಾ ಪಾಠ

ಇಂಟರ್ನಲ್ಸ್ ಮುಗಿದ ಕೂಡಲೇ ನಾವೆಲ್ಲ ಹೊರಡೋದು ಮೈಸೂರಿನ ಕಡೆಗೇ ಅಲ್ವಾ? ಬೆಳಿಗ್ಗೆ ರಂಗನತಿಟ್ಟು, ಮಧ್ಯಾಹ್ನ ದೇವರಾಜ ಮಾರುಕಟ್ಟೆ, ಸಂಜೆ ಅರಮನೆಯ ದೀಪ. ಫೋಟೋ ಕಲಿಯೋಕೆ ಇದಕ್ಕಿಂತ ಒಳ್ಳೆಯ ಲ್ಯಾಬ್ ಇಲ್ಲ. ಏಕೆಂದರೆ ಹಕ್ಕಿ ಕೇಳುವ ಸೆಟ್ಟಿಂಗ್ ಬೇರೆ, ಊರು ಕೇಳುವ ಸೆಟ್ಟಿಂಗ್ ಬೇರೆ. ಡಿಎಸ್‌ಎಲ್‌ಆರ್ ಇಲ್ಲದಿದ್ದರೂ ಚಿಂತೆಯಿಲ್ಲ, ಪ್ರೊ ಮೋಡ್ ಇರುವ ಮೊಬೈಲ್ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊದಲು ಬೆಳಕಿನ ಲೆಕ್ಕ

ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಅಪರ್ಚರ್ ಎಷ್ಟು ಅಗಲ ಇರುತ್ತದೆ, ಸೆನ್ಸರ್‌ನ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತೇವೆ (ಇದೇ ಐಎಸ್‌ಓ) – ಈ ಮೂರರ ಹೊಂದಾಣಿಕೆಯೇ ಎಕ್ಸ್‌ಪೋಶರ್. ಒಂದು ಕಡೆ ಕಡಿಮೆ ಮಾಡಿದರೆ ಇನ್ನೊಂದು ಕಡೆ ಹೆಚ್ಚು ಮಾಡಲೇಬೇಕು.

ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿಯನ್ನು ಊಹಿಸಿಕೊಳ್ಳಿ. ಶಟರ್ 1/125 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಅದು 8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ರೆಕ್ಕೆ ಪೂರ್ತಿ ಕಲಸಿಹೋಗುತ್ತದೆ. 1/2000ಕ್ಕೆ ಇಟ್ಟರೆ ಬರೀ 5 ಮಿಲಿಮೀಟರ್. ಆದರೆ ಒಳಗೆ ಬರುವ ಬೆಳಕು 16 ಪಟ್ಟು ಕಡಿಮೆಯಾಯಿತು. ಅದನ್ನು ತುಂಬಲು ಐಎಸ್‌ಓವನ್ನು 100ರಿಂದ 1600ಕ್ಕೆ ಏರಿಸಬೇಕು, ಚಿತ್ರದಲ್ಲಿ ಸ್ವಲ್ಪ ನಾಯ್ಸ್ ಬರುತ್ತದೆ. ಬರಲಿ ಬಿಡಿ. ನಾಯ್ಸನ್ನು ಆಮೇಲೆ ತಗ್ಗಿಸಬಹುದು, ಕಲಸಿಹೋದ ರೆಕ್ಕೆಯನ್ನು ಸರಿಮಾಡಲು ಆಗಲ್ಲ.

ರಂಗನತಿಟ್ಟು: ದೂರವನ್ನು ಹಕ್ಕಿ ತೀರ್ಮಾನಿಸುತ್ತದೆ

ಶ್ರೀರಂಗಪಟ್ಟಣದ ಪಕ್ಕದಲ್ಲಿ, ಕಾವೇರಿಯ ನಡುವಿನ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆ – ಎಲ್ಲವೂ ದೋಣಿಯಿಂದಲೇ ಕಾಣುತ್ತವೆ. ದೋಣಿ ಅಲುಗಾಡುವುದರಿಂದ ಮಲಗಿದ ಮೊಸಳೆಗೂ 1/250ಕ್ಕಿಂತ ಕೆಳಗೆ ಇಳಿಯಬೇಡಿ.

ಇಲ್ಲೊಂದು ಸಮಸ್ಯೆ ಇದೆ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಕೂತರೆ, ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪ್ ಇಳಿಸಿ. ಮೊಬೈಲಿನಲ್ಲಾದರೆ ಹಕ್ಕಿಯ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಸಾಕು.

ಈಗ ಮುಖ್ಯ ಮಾತು. "ಅಣ್ಣಾ, ಇನ್ನೂ ಸ್ವಲ್ಪ ಹತ್ರ ಹೋಗಿ" ಎಂದು ದೋಣಿ ನಡೆಸುವವರನ್ನು ಪೀಡಿಸಬೇಡಿ. ಬಿಸಿಲೇರಿದಾಗ ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳಾಗಿ ನಿಂತಿರುತ್ತದೆ. ಹೆದರಿ ಅದು ಎದ್ದುಹೋದರೆ ಪುಕ್ಕ ಬಲಿಯದ ಮರಿಗಳು ಸುಡುಬಿಸಿಲಿಗೂ ಕಾಗೆ, ಹದ್ದುಗಳಿಗೂ ಸಿಕ್ಕಿಬೀಳುತ್ತವೆ. ನಮಗೆ ಒಂದು ಫೋಟೋ, ಅದಕ್ಕೆ ಒಂದು ವರ್ಷದ ಸಂಸಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಟ್ಟೆಗೆ ಹಾನಿ ಮಾಡುವುದನ್ನು, ಗೂಡು ಕೆದಕುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ನೋಟ ಚೆನ್ನಾಗಿ ಬರಲೆಂದು ಗೂಡಿನ ಸುತ್ತಲಿನ ಕೊಂಬೆ ಬಗ್ಗಿಸುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡವೇ ಬೇಡ.

ಅಷ್ಟಕ್ಕೂ ಹತ್ತಿರ ಹೋಗುವ ಅಗತ್ಯವೇ ಇಲ್ಲ, ಲೆಕ್ಕ ನೋಡಿ. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ, ಅಗಲ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೂ 3 ಮೆಗಾಪಿಕ್ಸೆಲ್ ಉಳಿಯುತ್ತದೆ. ಫುಲ್ ಎಚ್‌ಡಿ ಪರದೆಗೆ ಬೇಕಿರುವುದು ಸುಮಾರು 2 ಮಾತ್ರ. ಹಕ್ಕಿಯ ಜೊತೆ ಮರ, ನದಿಯೂ ಇದ್ದರೆ ಅದು ಎಲ್ಲಿ, ಹೇಗೆ ಬದುಕುತ್ತದೆ ಎಂಬುದೂ ಚಿತ್ರದಲ್ಲಿ ಬರುತ್ತದೆ. ಇನ್ನೊಂದು ವಿಷಯ, ಪಕ್ಷಿಧಾಮದ ಹೊರಗೆಲ್ಲಾದರೂ ಗೂಡು ಕಂಡರೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಫೋಟೋ ಫೈಲಿನೊಳಗೆ ಗೂಡಿನ ವಿಳಾಸವೂ ಸೇರಿಕೊಂಡಿರುತ್ತದೆ.

ಮಾರುಕಟ್ಟೆ: ಕೇಳಿ ತೆಗೆಯಿರಿ

ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ರಾಶಿ, ಮಲ್ಲಿಗೆ, ವೀಳ್ಯದೆಲೆ, ಬಾಳೆಗೊನೆ – ಬಣ್ಣಕ್ಕೆ ಬರವಿಲ್ಲ. ನೀಲಿ ಟಾರ್ಪಾಲಿನ ಕೆಳಗೆ ಮಲ್ಲಿಗೆಯೂ ನೀಲಿಯಾಗುತ್ತದೆ, ಆಗ ವೈಟ್ ಬ್ಯಾಲೆನ್ಸ್ ಕೈಯಾರೆ ಸರಿಪಡಿಸಿ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬರುವುದನ್ನು ಗಮನಿಸಿದ್ದೀರಾ? ನಮ್ಮ ಕರೆಂಟ್ 50 ಹರ್ಟ್ಜ್. ಪ್ರತಿ ಸೈಕಲ್‌ನಲ್ಲಿ ಎರಡು ಪೀಕ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲ್ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಬೆಳಕು ಸಿಗುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಡಿ, ಎಲ್ಲ ಸಾಲಿಗೂ ಸಮಪಾಲು. ಪಟ್ಟಿ ಮಾಯ!

ಇಲ್ಲೂ ಎಷ್ಟು ಹತ್ತಿರ ಎಂಬುದು ನಮ್ಮ ತೀರ್ಮಾನ ಅಲ್ಲ. "ಅಮ್ಮಾ, ಒಂದು ಫೋಟೋ ತೆಗೀಲಾ?" ಅಂದರೆ ಅರ್ಧ ನಿಮಿಷ ಹೋಗುತ್ತದೆ ಅಷ್ಟೇ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ತೆಗೆದರೆ ಅವರಿಗೆ ತೋರಿಸಿ. ವ್ಯಾಪಾರದ ಹೊತ್ತಲ್ಲಿ ಅಂಗಡಿಯ ಮುಂದೆ ಅಡ್ಡ ನಿಲ್ಲಬೇಡಿ.

ಅರಮನೆ: ಈಗ ನಿಧಾನವೇ ಲಾಭ

ಭಾನುವಾರ ಸಂಜೆ 7ಕ್ಕೆ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಕಟ್ಟಡ ಎಲ್ಲಿಗೂ ಓಡಿಹೋಗಲ್ಲ, ಹಾಗಾಗಿ ಬೆಳಗಿನ ಲೆಕ್ಕ ತಿರುಗುಮುರುಗು. ಐಎಸ್‌ಓ 100ಕ್ಕೆ ಇಳಿಸಿ, ಶಟರನ್ನು ಅರ್ಧದಿಂದ ಒಂದೆರಡು ಸೆಕೆಂಡ್ ಇಡಿ. ಮೊಬೈಲನ್ನು ಯಾವುದಾದರೂ ಕಟ್ಟೆಗೆ ಒರಗಿಸಿ, 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗೆಯಿರಿ. ನಡೆದಾಡುವ ಜನ ಮಸುಕಾಗುತ್ತಾರೆ, ಗೋಪುರಗಳು ಚೂಪಾಗಿ ನಿಲ್ಲುತ್ತವೆ.

ತಿಂಗಳನ್ನೂ ನೋಡಿಕೊಂಡು ಹೊರಡಿ. ಜೂನ್ ಆಸುಪಾಸಿನಲ್ಲಿ 7ರ ಹೊತ್ತಿಗೆ ಆಕಾಶ ಇನ್ನೂ ನೀಲಿಯಿರುತ್ತದೆ, ಹೊಂಬಣ್ಣದ ಅರಮನೆಗೆ ಅದು ಒಳ್ಳೆಯ ಹಿನ್ನೆಲೆ. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಪೂರ್ತಿ ಕತ್ತಲು.

ಮುಂದಿನ ಟ್ರಿಪ್‌ಗೆ ಮೊದಲು ಕ್ಯಾಂಪಸ್ಸಿನಲ್ಲೇ ಅಭ್ಯಾಸ ಮಾಡೋಣ. ಕ್ಯಾಂಟೀನ್ ಹಿಂದಿನ ಮೈನಾಗಳನ್ನು 1/2000ಕ್ಕೆ ಹಿಡಿಯಿರಿ, ಹಾಸ್ಟೆಲ್ ಕಾರಿಡಾರಿನ ಟ್ಯೂಬ್‌ಲೈಟನ್ನು 1/100ಕ್ಕೆ. ಮೈನಾ ಹಾರಿಹೋಯಿತೋ, ಹತ್ತಿರ ಹೋಗಿದ್ದು ಜಾಸ್ತಿಯಾಯಿತು ಅಂತಲೇ ಅರ್ಥ. ಎರಡು ಹೆಜ್ಜೆ ಹಿಂದೆ ಸರಿದು ಕಾಯಿರಿ, ಮತ್ತೆ ಬಂದು ಕೂರುತ್ತದೆ.