ಹೊಟ್ಟೆ ಕಿರಿದಾದ ಮೇಲೆ ಊಟದ ಅಳತೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಎಷ್ಟು ಉಂಡರೆ ಸಾಕು ಎಂಬುದನ್ನು ಹೊಟ್ಟೆ ಎಲ್ಲ ಕಾಲಕ್ಕೂ ಒಂದೇ ರೀತಿ ಹೇಳುವುದಿಲ್ಲ. ಮೊದಲ ಕೆಲವು ವಾರ ಅದು ಹೆಚ್ಚುಕಡಿಮೆ ಮೂಕವಾಗಿರುತ್ತದೆ. ನಂತರದ ತಿಂಗಳುಗಳಲ್ಲಿ ಒಂದು ತುತ್ತು ಹೆಚ್ಚಾದರೂ ಗದರಿಸುತ್ತದೆ. ವರ್ಷ ಕಳೆಯುವಷ್ಟರಲ್ಲಿ ಮತ್ತೆ ಸಡಿಲವಾಗುತ್ತದೆ. ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿಸಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಿಗೆ ಮರಳಿದವರಿಗೆ ಇನ್ನೊಂದು ತೊಡಕೂ ಇದೆ. ಆಹಾರದ ಚೀಟಿಯ ಲೆಕ್ಕ ಮಿಲಿಲೀಟರಿನದು, ಮನೆಯ ಲೆಕ್ಕ ರೊಟ್ಟಿಯದು.

ಹಿಗ್ಗಿದ ಜಠರ ಸಾಮಾನ್ಯವಾಗಿ 1ರಿಂದ 1.5 ಲೀಟರ್ ಹಿಡಿಯುತ್ತದೆ. ಭಾರತದಲ್ಲಿ ಹೆಚ್ಚು ನಡೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಅದರ ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಸುಮಾರು 100ರಿಂದ 150 ಮಿಲಿಲೀಟರ್ ಹಿಡಿಯುವ ಕೊಳವೆ. ಅಮೆರಿಕದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ ಬೈಪಾಸ್ ವಿಧಾನದ ಇಂದಿನ ರೂಪದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಚಿಕ್ಕ ಚೀಲವನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಜಾಗ ಕಡಿಮೆಯಾಗುವುದು ಅರ್ಧ ಕತೆ ಮಾತ್ರ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿಹೋಗುವುದು ಆ ಭಾಗವೇ. ಎರಡೂ ವಿಧಾನಗಳಲ್ಲಿ ಆಹಾರ ಸಣ್ಣ ಕರುಳಿಗೆ ಬೇಗ ತಲುಪುವುದರಿಂದ ತೃಪ್ತಿಯ ಸುದ್ದಿ ಒಯ್ಯುವ ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳು ಏರುತ್ತವೆ. ಮೊದಲ ತಿಂಗಳುಗಳಲ್ಲಿ ಹಲವರು ಊಟದ ಹೊತ್ತನ್ನೇ ಮರೆಯುವುದಕ್ಕೆ ಇದು ಕಾರಣ.

ಹಸಿವೂ ಇಲ್ಲ, ಹೊಟ್ಟೆ ತುಂಬಿದ ಅರಿವೂ ಸ್ಪಷ್ಟವಿಲ್ಲ, ಹೊಲಿಗೆಯ ಸುತ್ತಲಿನ ಊತ ಇಳಿದಿಲ್ಲ. ಈ ಹಂತದಲ್ಲಿ ‘ಹೊಟ್ಟೆ ಕೇಳಿದಷ್ಟು’ ಎಂಬ ಮಾತಿಗೆ ಅರ್ಥವಿಲ್ಲ. ಚಮಚ ಮತ್ತು ಗಡಿಯಾರವನ್ನೇ ನಂಬಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದ್ದರೂ ಕ್ರಮ ಸುಮಾರಾಗಿ ಹೀಗಿರುತ್ತದೆ: ಮೊದಲೆರಡು ದಿನ ತಿಳಿನೀರಿನಂಥ ದ್ರವ, ಸುಮಾರು ಎರಡು ವಾರದವರೆಗೆ ಹಾಲು, ಮಜ್ಜಿಗೆ, ಬೇಳೆ ಕಟ್ಟು, ನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಎಲ್ಲರ ಊಟಕ್ಕೆ ಹತ್ತಿರ ಬರಲು ಆರರಿಂದ ಎಂಟು ವಾರ ಬೇಕು. ಒಂದು ಸಲಕ್ಕೆ 30ರಿಂದ 60 ಮಿಲಿಲೀಟರ್, ಅಂದರೆ ಎರಡರಿಂದ ನಾಲ್ಕು ದೊಡ್ಡ ಚಮಚ. ಮೂರನೆಯ ತಿಂಗಳ ಹೊತ್ತಿಗೆ ಅದು ಸುಮಾರು 120 ಮಿಲಿಲೀಟರಿಗೆ, ವರ್ಷದ ಹೊತ್ತಿಗೆ 200-250 ಮಿಲಿಲೀಟರಿಗೆ ಬರುತ್ತದೆ. ಮನೆಯ ಒಂದು ವಾಟಗದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಒಮ್ಮೆ ಅಳೆದು, ಅದನ್ನೇ ದಿನಾಲೂ ಬಳಸಿದರೆ ಚೀಟಿಯ ಲೆಕ್ಕ ಅಡುಗೆಮನೆಗೆ ಇಳಿಯುತ್ತದೆ. ಗಂಗಾಳದಲ್ಲಿ ಬಡಿಸಿಕೊಂಡರೆ ಈ ಪ್ರಮಾಣ ಕಣ್ಣಿಗೆ ಏನೂ ಅಲ್ಲ ಎನಿಸುತ್ತದೆ. ಚಿಕ್ಕ ತಾಟು ಬೇಕಾಗುವುದು ಅದಕ್ಕೇ.

ಈ ಭಾಗದ ಊಟದಲ್ಲಿ ಹೆಚ್ಚು ಬದಲಾಗಬೇಕಾದದ್ದು ಪದಾರ್ಥಕ್ಕಿಂತ ಅದನ್ನು ಉಣ್ಣುವ ಕ್ರಮ. ಇಲ್ಲಿ ರೊಟ್ಟಿಯೇ ಊಟದ ಮೈ; ಪಲ್ಯ ಅದಕ್ಕೆ ಜೊತೆ, ಕೊನೆಗೆ ಅನ್ನ ಸಾರು, ಮಜ್ಜಿಗೆ. ಶಸ್ತ್ರಚಿಕಿತ್ಸೆಯ ನಂತರ ಇದು ತಲೆಕೆಳಗಾಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಹೇಳುತ್ತಾರೆ. 60 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿರುವುದು ಸುಮಾರು 6 ಗ್ರಾಂ, ಒಂದು ಮೊಟ್ಟೆಯಲ್ಲೂ ಅಷ್ಟೇ. ಆದರೆ ರೊಟ್ಟಿ ಹಿಡಿಯುವ ಜಾಗ ಮೊಟ್ಟೆಗಿಂತ ಬಹಳ ಹೆಚ್ಚು. ಆದ್ದರಿಂದ ಮೊದಲು ಝುಣಕ, ಹೆಸರುಕಾಳು ಇಲ್ಲವೇ ಮಡಿಕೆಕಾಳಿನ ಪಲ್ಯ, ಗಟ್ಟಿ ಮೊಸರು, ಮೊಟ್ಟೆ, ಆಮೇಲೆ ಕಾಯಿಪಲ್ಯ, ಜಾಗ ಉಳಿದರೆ ರೊಟ್ಟಿಯ ಚೂರು. ಸರಿಯಾಗಿ ಅಗಿಯದ ಮೆತ್ತನೆಯ ರೊಟ್ಟಿ ಕೊಳವೆಯಲ್ಲಿ ಮುದ್ದೆಯಾಗಿ ಸಿಕ್ಕಿಕೊಳ್ಳುವುದುಂಟು. ತೆಳ್ಳಗಿನ ಕಡಕ್ ರೊಟ್ಟಿಯನ್ನು ಚೆನ್ನಾಗಿ ನುರಿಸಿ ತಿಂದರೆ ಕೆಲವರಿಗೆ ಹೆಚ್ಚು ಒಗ್ಗುತ್ತದೆ. ಸಂಕೇಶ್ವರದ ಖಾರದ ಮೆಣಸಿನಕಾಯಿ ಕೆಲವು ತಿಂಗಳು ದೂರವಿರುವುದು ಲೇಸು.

ರೊಟ್ಟಿಯ ಜೊತೆ ಗುಟುಕು ಗುಟುಕಾಗಿ ನೀರು ಕುಡಿಯುವ ರೂಢಿಯನ್ನೂ ಬಿಡಬೇಕಾಗುತ್ತದೆ. ಊಟಕ್ಕೂ ನೀರಿಗೂ ನಡುವೆ ಅರ್ಧ ತಾಸು ಅಂತರವಿರಲಿ ಎಂಬುದು ಸಾಮಾನ್ಯ ಸಲಹೆ. ಇದಕ್ಕಿರುವ ವೈಜ್ಞಾನಿಕ ಪುರಾವೆ ಅಷ್ಟೇನೂ ಗಟ್ಟಿಯಲ್ಲ. ಆದರೂ ಅಷ್ಟು ಚಿಕ್ಕ ಜಾಗಕ್ಕೆ ಎರಡನ್ನೂ ಒಟ್ಟಿಗೆ ತುಂಬಿದರೆ ವಾಂತಿಯಾಗುವ ಸಾಧ್ಯತೆ ಹೆಚ್ಚು. ದಿನದ ಒಂದೂವರೆ-ಎರಡು ಲೀಟರ್ ನೀರನ್ನು ಊಟದ ನಡುವಿನ ಹೊತ್ತಿನಲ್ಲಿ ಹಂಚಿಕೊಳ್ಳಬೇಕು.

ಹೊಟ್ಟೆ ತುಂಬಿದ ಹೊಸ ಸೂಚನೆ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದೇ ಕಡಿಮೆ. ಎದೆಗೂಡಿನ ಕೆಳಗೆ ಬಿಗಿತ, ಒಂದು ನಿಟ್ಟುಸಿರು, ಬಿಕ್ಕಳಿಕೆ, ಸೀನು, ಮೂಗು ಸೋರುವುದು, ಹೀಗೆ ಒಬ್ಬೊಬ್ಬರಲ್ಲಿ ಒಂದೊಂದು. ಮೂಗು ಸೋರಿದರೆ ನೆಗಡಿ ಎಂದುಕೊಂಡು ಊಟ ಮುಂದುವರಿಸುವವರೂ ಇದ್ದಾರೆ. ತೃಪ್ತಿಯ ಸುದ್ದಿ ಮಿದುಳಿಗೆ ಪೂರ್ತಿ ತಲುಪಲು ಸುಮಾರು 20 ನಿಮಿಷ ಬೇಕು. ಹತ್ತೇ ನಿಮಿಷದಲ್ಲಿ ಊಟ ಮುಗಿಸುವವರಿಗೆ ಸೂಚನೆ ಸಿಗುವುದು ತಡವಾಗಿ, ನೋವಾಗಿ. ಬಾಯಲ್ಲಿ ನೊರೆಯಂಥ ಜೊಲ್ಲು, ಎದೆನೋವು, ವಾಂತಿ ಬಂದರೆ ಅಳತೆ ಆಗಲೇ ಮೀರಿದೆ. ಹಸಿವು ತಣಿದ ಕೂಡಲೇ ಕೈ ತೊಳೆಯಬೇಕು. ಮದುವೆ ಪಂಕ್ತಿಯಲ್ಲಿ, ಜಾತ್ರೆಯ ಊಟದಲ್ಲಿ ಇದು ಕಷ್ಟ. ‘ಇನ್ನೊಂದ್ ಸ್ವಲ್ಪ ಹಾಕ್ಸಿಕೊಳ್ರಿ’ ಎನ್ನುವವರ ಮುಂದೆ ‘ಸಾಕ್ರಿ’ ಎಂಬ ಮಾತು ಉಪಚಾರವಾಗಿಯೇ ಕೇಳಿಸುತ್ತದೆ. ಬಡಿಸುವವರಿಗೆ ಮೊದಲೇ ತಿಳಿಸಿಡುವುದೊಂದೇ ಉಪಾಯ.

ಜಠರಕ್ಕೆ ಗೊತ್ತಾಗುವುದು ಗಾತ್ರ, ಕ್ಯಾಲೊರಿಯಲ್ಲ. ಬೆಲ್ಲ, ಅಂಟು, ಒಣಹಣ್ಣುಗಳ ಗೋಕಾಕ ಕರದಂಟಿನ ಒಂದು ತುಂಡು ಜಾಗವನ್ನೇ ಕೇಳುವುದಿಲ್ಲ. ಚೂಡಾ, ಬಿಸ್ಕತ್ತು, ಉಪವಾಸದ ಸಾಬೂದಾಣಿ ಖಿಚಡಿ ಜಾರಿಹೋಗುತ್ತವೆ. ಕಬ್ಬಿನ ಹಾಲು, ಸಕ್ಕರೆ ಚಹಾ ನಿಲ್ಲುವುದೇ ಇಲ್ಲ. ಬೈಪಾಸ್ ಆದವರಲ್ಲಿ ಜಠರದ ಕೆಳಬಾಗಿಲಿನ ತಡೆ ದಾರಿಯಲ್ಲಿ ಇಲ್ಲದ್ದರಿಂದ ಸಿಹಿ ಒಮ್ಮೆಲೇ ಕರುಳಿಗೆ ಸುರಿಯುತ್ತದೆ. 10ರಿಂದ 30 ನಿಮಿಷದಲ್ಲಿ ಬೆವರು, ಎದೆಬಡಿತ, ಹೊಟ್ಟೆ ಮುರಿತ, ಭೇದಿ. ಇಲ್ಲವೇ ಒಂದರಿಂದ ಮೂರು ತಾಸಿನ ನಂತರ ರಕ್ತದ ಸಕ್ಕರೆ ಕುಸಿದು ನಡುಕ. ಇದೇ ಡಂಪಿಂಗ್. ಸ್ಲೀವ್ ಆದವರಲ್ಲಿ ಇದು ಕಡಿಮೆ. ಹಾಗಾಗಿ ಅವರಿಗೆ ಸಿಹಿಯ ಎಚ್ಚರಿಕೆಯ ಗಂಟೆಯೂ ಅಷ್ಟು ಜೋರಾಗಿ ಬಾರಿಸುವುದಿಲ್ಲ.

ತೂಕ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಕೆಳಮಟ್ಟ ಮುಟ್ಟುತ್ತದೆ. ಅಷ್ಟರಲ್ಲಿ ಹಸಿವು ಮರಳಿರುತ್ತದೆ, ಕೊಳವೆ ಅಷ್ಟಿಷ್ಟು ಹಿಗ್ಗಿರುತ್ತದೆ, ವಾಟಗ ಕಪಾಟಿನ ಹಿಂದೆ ಸರಿದಿರುತ್ತದೆ. ಒಂದು ಊಟ ದೊಡ್ಡದಾಯಿತೆಂದು ತೂಕ ಏರುವುದು ವಿರಳ. ಅಂಗಡಿಯಲ್ಲಿ, ಹೊಲದಲ್ಲಿ, ಟಿವಿ ಮುಂದೆ ದಿನವಿಡೀ ಸ್ವಲ್ಪ ಸ್ವಲ್ಪ ಮೆಲ್ಲುವುದರಿಂದ ಏರುವುದೇ ಹೆಚ್ಚು. ಅಂಥವರು ಕೆಲವು ವಾರ ಮತ್ತೆ ಅಳೆದು ಉಂಡರೆ ಎಲ್ಲಿ ತಪ್ಪಿದೆ ಎಂಬುದು ಕಾಣುತ್ತದೆ.

ತಾಲ್ಲೂಕಿನಲ್ಲಿ ಇರುವವರು ಕೆಲವು ಅಪಾಯಗಳನ್ನು ತಿಳಿದಿರಬೇಕು. ಮೊದಲ ವಾರಗಳಲ್ಲಿ ಜ್ವರ, ಹೊಟ್ಟೆನೋವು, ಇಳಿಯದ ಎದೆಬಡಿತ ಹೊಲಿಗೆ ಸೋರುತ್ತಿರುವ ಲಕ್ಷಣವಿರಬಹುದು. ಕಾಯದೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೂ ಹಾಗೆಯೇ ಮಾಡಬೇಕು. ವಾಂತಿ ದಿನಗಟ್ಟಲೆ ನಡೆದರೆ ಬಿ1 ಜೀವಸತ್ವ ಬರಿದಾಗಿ ನಡಿಗೆ, ದೃಷ್ಟಿ, ನೆನಪು ಕೆಡಬಹುದು. ಸುಸ್ತಾದವರಿಗೆ ಹತ್ತಿರದ ದವಾಖಾನೆಯಲ್ಲಿ ‘ಸಲಾಯಿನ್ ಹಚ್ಚಿಸುವುದು’ ಇಲ್ಲಿನ ರೂಢಿ. ಬಿ1 ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಈ ಹಾನಿ ಹೆಚ್ಚುತ್ತದೆ. ಹಾಗಾಗಿ ಡಿಸ್ಚಾರ್ಜ್ ಕಾರ್ಡು ಜೊತೆಗಿರಬೇಕು; ಯಾವ ಶಸ್ತ್ರಚಿಕಿತ್ಸೆ, ಯಾವಾಗ ಆಗಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಗುಳಿಗೆಗಳನ್ನು ವೈದ್ಯರು ಬರೆದುಕೊಟ್ಟಂತೆ ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು.