ಸ್ಕ್ಯಾನ್ ಚಿತ್ರದ ಹಿಂದಿನ ಲೆಕ್ಕ

ಬೆಂಗಳೂರಿನ ಎನ್.ಆರ್. ಕಾಲೋನಿಯ ಹಳೇ ಮನೆಗಳ ಬೀರುಗಳಲ್ಲಿ ಕ್ರಯಪತ್ರ, ಜಾತಕ, ಎಲ್‌ಐಸಿ ಪಾಲಿಸಿಗಳ ಪಕ್ಕದಲ್ಲಿ ಈಗ ಇನ್ನೊಂದು ವಸ್ತುವೂ ಜಾಗ ಹಿಡಿದಿರುತ್ತದೆ: ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ದೊಡ್ಡ ಕವರು. ಒಳಗೆ ಫಿಲ್ಮು, ರಿಪೋರ್ಟು, ಒಂದು ಸಿ.ಡಿ. ಫಿಲ್ಮನ್ನು ಡಾಕ್ಟರು ಬೆಳಕಿಗೆ ಹಿಡಿದು ನೋಡುತ್ತಾರೆ. ರಿಪೋರ್ಟನ್ನು ಮನೆಮಂದಿಯೆಲ್ಲ ಓದಿ ಗಾಬರಿ ಬೀಳುತ್ತಾರೆ. ಸಿ.ಡಿ.ಯ ಗೊಡವೆಗೆ ಯಾರೂ ಹೋಗುವುದಿಲ್ಲ. ನಿಜವಾದ ಸರಕು ಇರುವುದು ಮಾತ್ರ ಅದರಲ್ಲೇ.

ಸಿ.ಟಿ. ಸ್ಕ್ಯಾನಿನ ಒಂದು ಪದರ ಎಂದರೆ ಸಾಮಾನ್ಯವಾಗಿ 512 ಸಾಲು, ಸಾಲಿಗೆ 512 ಚುಕ್ಕಿ. ಚುಕ್ಕಿಗೆ ಎರಡು ಬೈಟಿನಂತೆ ಒಂದು ಪದರಕ್ಕೆ ಅರ್ಧ ಮೆಗಾಬೈಟ್. 300 ಪದರಗಳಿಗೆ 150 ಮೆಗಾಬೈಟ್. ಪ್ರತಿ ಚುಕ್ಕಿಯಲ್ಲೂ ಕೂತಿರುವುದು ಒಂದು ಸಂಖ್ಯೆ. ನೀರಿಗೆ 0, ಗಾಳಿಗೆ −1000, ಮೂಳೆಗೆ ಕೆಲವು ನೂರರಿಂದ ಸಾವಿರದಾಚೆಗೆ. ಇವನ್ನೆಲ್ಲ ಕಟ್ಟಿಡುವ ಡೈಕಾಮ್ ಎಂಬ ಮಾದರಿ 1993ರಿಂದ ಬಳಕೆಯಲ್ಲಿದೆ. ಅದರ ನಿಯಮಗಳು ಬಹಿರಂಗವಾಗಿರುವುದರಿಂದ ಯಾವ ಕಂಪನಿಯ ಯಂತ್ರದ ಚಿತ್ರವನ್ನಾದರೂ ವೀಸಿಸ್, ಐಟಿಕೆ-ಸ್ನ್ಯಾಪ್, 3ಡಿ ಸ್ಲೈಸರ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ತೆರೆಯಬಹುದು. ಇವುಗಳಿಗೆ ಕಾಸು ಕೊಡಬೇಕಾಗಿಲ್ಲ. ಹಾಗೆಂದು ಅಗ್ಗ ಎಂಬ ಕಾರಣಕ್ಕೇ ಇವನ್ನು ಹೊಗಳುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇನ್ನೂ ದೊಡ್ಡ ಕಾರಣವೊಂದಿದೆ. ಅದನ್ನು ತಿಳಿಯಲು ಕಾಲೋನಿಯಿಂದ ಊರಿನ ಉತ್ತರಕ್ಕೆ, ಮಲ್ಲೇಶ್ವರ ದಾಟಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಚಿತ್ರ ತೆಗೆದರು. ಯಂತ್ರ ಕಟ್ಟಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರ ಕೆಲಸ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯಲ್ಲಿ. ಅದಕ್ಕೆ ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಬೆಂಗಳೂರಿನಿಂದ ಹೋದ ಐದು ಪುಟಗಳ ಲೇಖನ ಅಚ್ಚಾಗಿತ್ತು. ಬರೆದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮಿನಾರಾಯಣನ್. ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಬಿಡಿಸಿ ಹೆಸರಾಗಿದ್ದ ರಾಮಚಂದ್ರನ್ ಮದ್ರಾಸಿನಿಂದ ಬೆಂಗಳೂರಿಗೆ ಮರಳಿ, ಇಲ್ಲಿ ಅಣು ಜೀವಭೌತ ವಿಭಾಗ ಕಟ್ಟುತ್ತಿದ್ದ ಕಾಲ ಅದು. ಲಂಡನ್ನಿನ ಯಂತ್ರಕ್ಕೂ ಈ ಲೇಖನಕ್ಕೂ ಸಂಬಂಧವಿರಲಿಲ್ಲ.

ಅವರು ಬಿಡಿಸಿದ ಸಮಸ್ಯೆ ಇದು. ಎಕ್ಸ್‌ರೇ ಕಿರಣ ದೇಹವನ್ನು ಹಾದು ಬಂದಾಗ ನಮಗೆ ಸಿಗುವುದು ದಾರಿಯುದ್ದಕ್ಕೂ ಸಿಕ್ಕ ಅಡ್ಡಿಯ ಒಟ್ಟು ಮೊತ್ತ ಮಾತ್ರ. ಹಲವು ಕೋನಗಳಿಂದ ಇಂಥ ಮೊತ್ತಗಳನ್ನು ಕೂಡಿಹಾಕಿ, ಒಳಗೆ ಎಲ್ಲೆಲ್ಲಿ ಏನಿದೆ ಎಂದು ಹೇಳಬೇಕು. ಮೊದಲು ಹೊಳೆಯುವ ಉಪಾಯ, ಪ್ರತಿ ಮೊತ್ತವನ್ನೂ ಅದು ಬಂದ ದಾರಿಯುದ್ದಕ್ಕೂ ವಾಪಸ್ ಬಳಿಯುತ್ತ ಹೋಗುವುದು. ಚಿತ್ರವೇನೋ ಮೂಡುತ್ತದೆ, ಆದರೆ ಪ್ರತಿ ಚುಕ್ಕಿಯ ಸುತ್ತ ಮಬ್ಬು ಆವರಿಸಿರುತ್ತದೆ. ಫೂರಿಯೆ ಗಣಿತದಿಂದ ಮಬ್ಬು ಕಳೆಯುವುದು ಗೊತ್ತಿದ್ದರೂ ಅಂದಿನ ಕಂಪ್ಯೂಟರುಗಳಿಗೆ ಅದು ಭಾರಿ ಹೊರೆ. ಬೆಂಗಳೂರಿನ ಲೇಖನ ಬೇರೆ ದಾರಿ ತೋರಿಸಿತು: ಬಳಿಯುವ ಮುಂಚೆಯೇ ಪ್ರತಿ ಅಳತೆಯನ್ನು ಅಕ್ಕಪಕ್ಕದವುಗಳೊಂದಿಗೆ ಹೊಂದಿಸಿಬಿಡಿ. ತನ್ನ ಬೆಲೆಯ ಕಾಲುಭಾಗ ಇಟ್ಟುಕೊಳ್ಳಿ. ಅದರಿಂದ ಎರಡೂ ಬದಿಯ ಮೊದಲ ನೆರೆಯ ಬೆಲೆಯ ಸುಮಾರು 0.101 ಪಾಲು ಕಳೆಯಿರಿ. ಎರಡನೆಯ ನೆರೆಯನ್ನು ಮುಟ್ಟಬೇಡಿ. ಮೂರನೆಯದರ 0.011 ಪಾಲು ಕಳೆಯಿರಿ. ಹೀಗೇ ಮುಂದಕ್ಕೆ. ಬರೀ ಗುಣಾಕಾರ, ಕೂಡಿಕೆ, ಕಳೆಯುವಿಕೆ. ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೇ ದಾರಿ ಹಿಡಿದಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಸಿ.ಟಿ. ಲೋಕದಲ್ಲಿ ಉಳಿದ ಹೆಸರು ಮಾತ್ರ ನಮ್ಮವರದು, ರಾಮ್-ಲ್ಯಾಕ್ ಫಿಲ್ಟರ್. ಹೌನ್ಸ್‌ಫೀಲ್ಡ್ ಯಂತ್ರದ ಲೆಕ್ಕದ ಕ್ರಮ ಬೇರೆಯದೇ ಆಗಿತ್ತು. ಆಮೇಲೆ ಬಂದ ಯಂತ್ರಗಳು ದಶಕಗಳ ಕಾಲ ನಡೆದದ್ದು ಈ ಫಿಲ್ಟರ್-ಬಳಿಯುವ ಹಾದಿಯಲ್ಲೇ.

ಸೈಕಿಟ್-ಇಮೇಜ್ ಎಂಬ ಮುಕ್ತ ಪೈಥಾನ್ ಸಂಗ್ರಹದ ಕೋಡ್ ತೆರೆದರೆ ಆ ಕಾಲುಭಾಗ 0.25 ಆಗಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಬೇಡವೆಂದರೆ ಅದನ್ನು ತಿದ್ದಿ, ಚಿತ್ರ ಹೇಗೆ ಕೆಡುತ್ತದೆ ಎಂದು ನೋಡಬಹುದು. ರಾಮ್-ಲ್ಯಾಕ್ ಅಂಚುಗಳನ್ನು ಚೂಪು ಮಾಡುತ್ತದೆ, ಜೊತೆಗೆ ಕಾಳುಕಾಳಾದ ಗದ್ದಲವನ್ನೂ ಹಿಗ್ಗಿಸುತ್ತದೆ. 1974ರಲ್ಲಿ ಶೆಪ್ ಮತ್ತು ಲೋಗನ್ ಅದನ್ನು ಸ್ವಲ್ಪ ಸೌಮ್ಯ ಮಾಡಿದರು. ಆಸ್ಪತ್ರೆಯಲ್ಲೂ ಮೂಳೆಗೆ ಚೂಪು ಫಿಲ್ಟರ್, ಮಿದುಳಿಗೆ ಮೆದು ಫಿಲ್ಟರ್. ಆಮೇಲೆ ಪರದೆಯ ಕಪ್ಪು-ಬಿಳುಪಿನ ಹಂಚಿಕೆ: ಮಿದುಳು ನೋಡುವಾಗ 0ರಿಂದ 80ರವರೆಗಿನ ಸಂಖ್ಯೆಗಳಿಗಷ್ಟೇ ಬೂದು ಬಣ್ಣದ ಮೆಟ್ಟಿಲುಗಳನ್ನೆಲ್ಲ ಬಿಟ್ಟುಕೊಡುತ್ತಾರೆ. ಅದೇ ಹಂಚಿಕೆಯಲ್ಲಿ ಶ್ವಾಸಕೋಶ ನೋಡಿದರೆ ಬರೀ ಕಪ್ಪು. ಅಂದರೆ ಡಾಕ್ಟರ ಮುಂದಿರುವುದು ಫೋಟೋ ಅಲ್ಲ, ಹಲವು ಆಯ್ಕೆಗಳ ಫಲಿತಾಂಶ. ಕಂಪನಿಗಳ ಪೆಟ್ಟಿಗೆಯೊಳಗೆ ಆ ಆಯ್ಕೆಗಳಲ್ಲಿ ಕೆಲವು ವ್ಯಾಪಾರದ ಗುಟ್ಟು. ಮುಕ್ತ ತಂತ್ರಾಂಶದಲ್ಲಿ ಅವು ಓದಲು ಸಿಗುವ ಸಾಲುಗಳು. ನಾನು ಹೇಳಿದ ದೊಡ್ಡ ಕಾರಣ ಇದೇ.

ಎಲ್ಲ ಲೆಕ್ಕವೂ ಇಷ್ಟು ಸಲೀಸಾಗಿ ಊರವರ ಸ್ವತ್ತಾಗಲಿಲ್ಲ. ಪದರಗಳನ್ನು ಒಟ್ಟಿ ತಲೆಬುರುಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಮಾರ್ಚಿಂಗ್ ಕ್ಯೂಬ್ಸ್ ವಿಧಾನವನ್ನು 1987ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಲೋರೆನ್ಸನ್ ಮತ್ತು ಕ್ಲೈನ್ ಪ್ರಕಟಿಸಿದರು. ಚುಕ್ಕಿಗಳ ನಡುವೆ ಗೆರೆ ಎಳೆದು ರಂಗೋಲಿ ಹಾಕಿದ ಹಾಗೆಯೇ, ಆದರೆ ಇಲ್ಲಿ ಒಂದೊಂದು ಪುಟ್ಟ ಘನದ ಎಂಟು ಮೂಲೆಗಳೂ ಚುಕ್ಕಿಗಳು. ಯಾವುವು ಮೂಳೆಯ ಒಳಗೆ, ಯಾವುವು ಹೊರಗೆ ಎಂದು ನೋಡಿ ನಡುವೆ ತ್ರಿಕೋನ ಹಾಕುತ್ತ ಹೋಗುವುದು. ಸಾಧ್ಯತೆಗಳು 256, ತಿರುಗಿಸಿದರೆ ಇಲ್ಲವೇ ಒಳ-ಹೊರಗನ್ನು ಅದಲುಬದಲು ಮಾಡಿದರೆ ಒಂದೇ ಆಗುವಂಥವನ್ನೆಲ್ಲ ಸೇರಿಸಿದರೆ 15ಕ್ಕೆ ಇಳಿಯುತ್ತವೆ. ಅಂದವಾದ ಉಪಾಯ, ಆದರೆ ಅದೇ ವರ್ಷ ಅದಕ್ಕೆ ಪೇಟೆಂಟ್ ಸಿಕ್ಕಿತು. ಘನದ ಬದಲು ನಾಲ್ಕು ಮುಖದ ತುಂಡು ಬಳಸಿ ಪೇಟೆಂಟಿನಿಂದ ತಪ್ಪಿಸಿಕೊಳ್ಳುವ ಸುತ್ತುದಾರಿಗಳು ಹುಟ್ಟಿದವು. ಲೋರೆನ್ಸನ್ ಸ್ವತಃ ಇಬ್ಬರು ಗೆಳೆಯರೊಂದಿಗೆ 1993ರಲ್ಲಿ ಶುರುಮಾಡಿದ ವಿಟಿಕೆ ಎಂಬ ಮುಕ್ತ ತಂತ್ರಾಂಶದಲ್ಲೂ ಈ ಕೋಡನ್ನು ಪೇಟೆಂಟ್ ಇರುವವುಗಳ ಪ್ರತ್ಯೇಕ ಫೋಲ್ಡರಿನಲ್ಲಿ ಇಡಬೇಕಾಯಿತು. ಹಕ್ಕಿನ ಅವಧಿ ಮುಗಿದದ್ದು 2005ರಲ್ಲಿ. ರಾಮಚಂದ್ರನ್ ಅವರ ಲೇಖನಕ್ಕೆ ಇಂಥ ಬೇಲಿ ಇರಲಿಲ್ಲ.

ವಿಟಿಕೆ ಮೇಲೆ, ಅದರ ಜೊತೆಗಾರ ಐಟಿಕೆ ಮೇಲೆ ನಿಂತದ್ದು 3ಡಿ ಸ್ಲೈಸರ್. 1998ರ ಸುಮಾರಿಗೆ ಎಂಐಟಿಯ ವಿದ್ಯಾರ್ಥಿಯೊಬ್ಬರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ, ಬಾಸ್ಟನ್ನಿನ ಆಸ್ಪತ್ರೆಯೊಂದರ ಜೊತೆಗೂಡಿ ಅದು ಮೊಳೆಯಿತು. ಇಂಥ ಯೋಜನೆಗಳಲ್ಲಿ ಕೋಡಿನ ಹೊಸ ಸಾಲು ಬರೆದವರು ಅದನ್ನು ಪರೀಕ್ಷಿಸುವ ಕೋಡನ್ನೂ ಬರೆದುಕೊಡಬೇಕು. ಉತ್ತರ ಮೊದಲೇ ಗೊತ್ತಿರುವ ಕೃತಕ ಚಿತ್ರದ ಮೇಲೆ ಕಂಪ್ಯೂಟರುಗಳು ರಾತ್ರೋರಾತ್ರಿ ಎಲ್ಲವನ್ನೂ ಓಡಿಸಿ ತಾಳೆ ನೋಡುತ್ತವೆ.

ತೆರೆದಿಟ್ಟ ಮಾತ್ರಕ್ಕೆ ತಪ್ಪು ತಾನಾಗಿ ಸಿಗುವುದಿಲ್ಲ. ಮಿದುಳಿನ ಎಫ್‌ಎಂಆರ್‌ಐ ಚಿತ್ರಗಳನ್ನು ವಿಶ್ಲೇಷಿಸುವ ಆಫ್ನಿ ಎಂಬ ಮುಕ್ತ ತಂತ್ರಾಂಶದಲ್ಲಿ ದೋಷವೊಂದು 15 ವರ್ಷ ಅಡಗಿತ್ತು. ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಜೊತೆಗಾರರ ಪರಿಶೀಲನೆಯಲ್ಲಿ ಅದು ಬಯಲಾಯಿತು, 2015ರಲ್ಲಿ ತಿದ್ದುಪಡಿಯೂ ಆಯಿತು. ಅವರ ಲೇಖನ 2016ರಲ್ಲಿ ಬಂದದ್ದು ರಾಮಚಂದ್ರನ್ ಬರೆದ ಅದೇ ನಿಯತಕಾಲಿಕದಲ್ಲಿ.

ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿ ನಾಳೆಯೇ ಇಂಥ ಮುಕ್ತ ಯೋಜನೆಯ ಕೆಲಸಕ್ಕೆ ಕೈಹಾಕಬಹುದು; ಮೊದಲು ಪರೀಕ್ಷಿಸುವ ಕೋಡ್ ಬರೆಯುವುದೋ ವಿವರಣೆ ತಿದ್ದುವುದೋ ಒಳ್ಳೆಯದು. ಆದರೆ ತಾನು ಬರೆದದ್ದನ್ನು ಪಕ್ಕದ ಆಸ್ಪತ್ರೆಯಲ್ಲಿ ರೋಗ ಪತ್ತೆಗೆ ಕೊಡುವ ಹಾಗಿಲ್ಲ. ಸ್ಲೈಸರ್ ಕೂಡ ತನ್ನನ್ನು ಸಂಶೋಧನೆಯ ಸಾಧನ ಎಂದೇ ಕರೆದುಕೊಳ್ಳುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಇಂಥ ತಂತ್ರಾಂಶವೂ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಗೆ ಬಂದಿದೆ. ಕಲಿಯಲೆಂದು ಬೀರುವಿನ ಸಿ.ಡಿ.ಯನ್ನೇ ಬಳಸುವುದಾದರೆ ಇನ್ನೊಂದು ಎಚ್ಚರ. ಡೈಕಾಮ್ ಕಡತದ ತಲೆಯಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ ಇರುತ್ತವೆ. ಯಾರಿಗಾದರೂ ಕಳಿಸುವ ಮುಂಚೆ ಅಳಿಸಬೇಕು. ತಲೆಯ ಸ್ಕ್ಯಾನ್ ಆದರೆ ಅಷ್ಟೂ ಸಾಲದು. ಬುರುಡೆ ತೋರಿಸುವ ಅದೇ ಮಾರ್ಚಿಂಗ್ ಕ್ಯೂಬ್ಸ್‌ಗೆ ಚರ್ಮದ ಸಂಖ್ಯೆ ಕೊಟ್ಟರೆ ಅಜ್ಜನ ಮುಖವೇ ಪರದೆಯ ಮೇಲೆ ಎದ್ದು ಬರುತ್ತದೆ. ಮುಖದ ಭಾಗ ಅಳಿಸುವ ಮುಕ್ತ ತಂತ್ರಾಂಶಗಳಿವೆ. ಮೊದಲು ಅವನ್ನು ಓಡಿಸಿ, ಆಮೇಲೆ ಕಳಿಸಿ.